ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್: ಕಿವಿಯ ಕೆಲಸಕ್ಕೆ ಸಾಲಿನ ಲೆಕ್ಕ

ರೋಗಿಯನ್ನು ಪರೀಕ್ಷಿಸಿದ ನಂತರ ಟಿಪ್ಪಣಿಯನ್ನು ಕೈಯಲ್ಲಿ ಬರೆಯದೆ, ದೂರವಾಣಿಗೋ ಧ್ವನಿಮುದ್ರಕಕ್ಕೋ ಹೇಳಿಬಿಡುವುದು ಅಮೆರಿಕದ ವೈದ್ಯರಲ್ಲಿ ಹಳೆಯ ರೂಢಿ. ಆ ಧ್ವನಿಯನ್ನು ಕೇಳಿ ವರದಿಯಾಗಿ ಟೈಪ್ ಮಾಡುವುದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. 1990ರ ದಶಕದಲ್ಲಿ ಈ ಕೆಲಸ ಬೆಂಗಳೂರಿಗೂ ಬಂತು. ಚಳಿಗಾಲದಲ್ಲಿ ನ್ಯೂಯಾರ್ಕಿನ ಸಂಜೆ 7 ಗಂಟೆ ನಮಗೆ ಮರುದಿನ ಬೆಳಗಿನ 5.30. ಅಲ್ಲಿನ ವೈದ್ಯರು ನಿದ್ರಿಸಿ ಏಳುವುದರೊಳಗೆ ಇಲ್ಲಿ ವರದಿ ಸಿದ್ಧವಾಗುತ್ತಿತ್ತು. ಜೀವವಿಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ಇದು ಗೌರವದ ಉದ್ಯೋಗವೇ ಆಗಿತ್ತು.

ಹೊರಗಿನಿಂದ ಇದು ಟೈಪಿಂಗ್ ಕೆಲಸದಂತೆ ಕಾಣುತ್ತದೆ. ನಿಜವಾದ ಶ್ರಮ ಕೇಳುವುದರಲ್ಲಿದೆ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ ಸಾಗಿಸುತ್ತಿತ್ತು. 'ಸ್' ಧ್ವನಿಯ ಶಕ್ತಿಯ ಬಹುಪಾಲು 4000 ಹರ್ಟ್ಸ್‌ಗೂ ಮೇಲಿರುತ್ತದೆ. ಅದು ಕತ್ತರಿಸಿಹೋದಾಗ 'ಎಸ್' ಯಾವುದು, 'ಎಫ್' ಯಾವುದು ತಿಳಿಯದು. ಇನ್ನು ಕೆಲವು ಪದಗಳಿಗೆ ಎಷ್ಟೇ ಉತ್ತಮ ಧ್ವನಿಮುದ್ರಣವಿದ್ದರೂ ಸಾಲದು. 'ಇಲಿಯಮ್' ಎಂದರೆ ಸಣ್ಣ ಕರುಳಿನ ಕೊನೆಯ ಭಾಗ. ಅದೇ ಉಚ್ಚಾರಣೆಯ, ಕಾಗುಣಿತದಲ್ಲಿ ಒಂದೇ ಅಕ್ಷರ ಬೇರೆಯಾದ ಇನ್ನೊಂದು 'ಇಲಿಯಮ್' ಸೊಂಟದ ಮೂಳೆ. ಯಾವುದೆಂದು ತೀರ್ಮಾನಿಸಲು ಅಂಗರಚನಾಶಾಸ್ತ್ರ ತಿಳಿದಿರಬೇಕು. 'ಫಿಫ್ಟೀನ್' ಮತ್ತು 'ಫಿಫ್ಟಿ' ಮಿಲಿಗ್ರಾಂಗಳ ವಿಷಯದಲ್ಲಂತೂ ಊಹೆ ಅಪಾಯಕಾರಿ. ಕಾಲ ಬಳಿಯ ಪೆಡಲ್ ಒತ್ತಿ ಮತ್ತೆ ಮತ್ತೆ ಕೇಳುವುದು, ಆಗಲೂ ತಿಳಿಯದಿದ್ದರೆ ಜಾಗ ಖಾಲಿ ಬಿಟ್ಟು ವೈದ್ಯರ ಗಮನಕ್ಕೆ ತರುವುದು ಈ ವೃತ್ತಿಯ ಶಿಸ್ತು. ವೈದ್ಯರು ಬಾಯ್ತಪ್ಪಿ ಎಡಗಾಲನ್ನು ಬಲಗಾಲು ಎಂದದ್ದನ್ನು ಹಿಡಿದುಕೊಟ್ಟ ದಿನದ ತೃಪ್ತಿ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ.

ಕೂಲಿಯ ಲೆಕ್ಕವಾದರೋ ಸಾಲಿನದು. ಖಾಲಿ ಜಾಗಗಳೂ ಸೇರಿ 65 ಅಕ್ಷರಗಳಿಗೆ ಒಂದು ಸಾಲು ಎಂಬುದು ಪ್ರಚಲಿತ ಮಾನ. ವೈದ್ಯರೊಬ್ಬರು ನಿಮಿಷಕ್ಕೆ 150 ಪದ ಹೇಳುತ್ತಾರೆ, ಒಂದು ಪದಕ್ಕೆ ಸರಾಸರಿ 6 ಅಕ್ಷರ ಎಂದುಕೊಳ್ಳಿ. ಆಗ 900 ಅಕ್ಷರ, ಸುಮಾರು 14 ಸಾಲು. ಸ್ಪಷ್ಟವಾದ ದನಿಯಾದರೆ ಅದು ಕೆಲವೇ ನಿಮಿಷಗಳ ಕೆಲಸ. ಊಟ ಮಾಡುತ್ತಾ ಗೊಣಗುವ ವೈದ್ಯರದಾದರೆ ಅರ್ಧ ಗಂಟೆಯೂ ಹಿಡಿದೀತು. ಕೂಲಿ ಎರಡಕ್ಕೂ ಒಂದೇ. ಅಳೆಯಲು ಸುಲಭವಾದದ್ದನ್ನು ಅಳೆದು ಅದನ್ನೇ ಶ್ರಮವೆಂದು ಕರೆದರೆ ನಮ್ಮ ಪ್ರಯೋಗಾಲಯದಲ್ಲಿ ಅಂಕ ಕಳೆಯುತ್ತೇವೆ! ಆದರೂ ಸುಲಭ, ಕಠಿಣ ಎರಡೂ ಬಗೆಯ ಕಡತಗಳು ಬೆರೆತು ಬರುತ್ತಿದ್ದುದರಿಂದ ಅನುಭವಿಗಳಿಗೆ ಲೆಕ್ಕ ಸರಿಹೋಗುತ್ತಿತ್ತು.

ಧ್ವನಿ ಗುರುತಿಸುವ ತಂತ್ರಾಂಶ ಈ ಸಮತೋಲವನ್ನು ಕೆಡಿಸಿತು. ಯಂತ್ರವೇ ಕರಡು ತಯಾರಿಸುವುದು, ಮನುಷ್ಯ ಅದನ್ನು ತಿದ್ದುವುದು ಎಂಬ ಕ್ರಮ 2000ದ ದಶಕದಲ್ಲಿ ಹರಡಿತು. ತಿದ್ದುವ ಸಾಲಿನ ದರವನ್ನು ಹಲವೆಡೆ ಟೈಪ್ ಮಾಡುವ ಸಾಲಿನ ಅರ್ಧದ ಆಸುಪಾಸಿಗೆ ಇಳಿಸಿದರು. ಬೆರಳಿನ ಕೆಲಸ ಕಡಿಮೆಯಾದದ್ದು ನಿಜ, ಕಿವಿಯ ಕೆಲಸ ಕಡಿಮೆಯಾಗಲಿಲ್ಲ. ಹತ್ತು ನಿಮಿಷದ ಧ್ವನಿಯನ್ನು ಹತ್ತು ನಿಮಿಷವಾದರೂ ಕೇಳಲೇಬೇಕಲ್ಲ? ಅಲ್ಲದೆ, ಸ್ಪಷ್ಟವಾಗಿ ಮಾತನಾಡುವವರ ಕಡತಗಳನ್ನು ಯಂತ್ರ ಚೆನ್ನಾಗಿ ನಿಭಾಯಿಸಿತು. ಮನುಷ್ಯರ ಪಾಲಿಗೆ ಹೆಚ್ಚಾಗಿ ಉಳಿದದ್ದು ಗೊಣಗುವವರು, ಗದ್ದಲದ ವಾರ್ಡುಗಳು. ಕೆಲಸದ ಸರಾಸರಿ ಕಾಠಿಣ್ಯ ಏರಿದ ಹೊತ್ತಿಗೇ ದರ ಇಳಿಯಿತು.

2009ರಲ್ಲಿ ಅಮೆರಿಕ ವಿದ್ಯುನ್ಮಾನ ರೋಗಿದಾಖಲೆಗಳಿಗೆ ಪ್ರೋತ್ಸಾಹಧನ ನೀಡುವ ಕಾನೂನು ತಂದ ಮೇಲೆ ಅನೇಕ ವೈದ್ಯರು ತಾವೇ ಗಣಕದಲ್ಲಿ ತುಂಬಿಸತೊಡಗಿದರು. ಈಗ ವೈದ್ಯ-ರೋಗಿಯರ ಸಂಭಾಷಣೆಯನ್ನೇ ಆಲಿಸಿ ಟಿಪ್ಪಣಿ ಬರೆಯುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿವೆ.

ಇವುಗಳ ತಪ್ಪು ಬೇರೆ ಜಾತಿಯದು. ಕೇಳಿಸದಿದ್ದಲ್ಲಿ ಮನುಷ್ಯ ಜಾಗ ಖಾಲಿ ಬಿಡುತ್ತಾನೆ. ಯಂತ್ರವು ಸಂಭವನೀಯತೆ ಹೆಚ್ಚಿರುವ ಪದವನ್ನು ಅಲ್ಲಿ ಕೂರಿಸಬಹುದು. ಓದಲು ವಾಕ್ಯ ಸೊಗಸಾಗಿಯೇ ಇರುವುದರಿಂದ ಕಣ್ಣು ಮೋಸಹೋಗುತ್ತದೆ. 'ವಿಸ್ಪರ್' ಎಂಬ ತಂತ್ರಾಂಶದ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಶೇ. 1ರಷ್ಟು ಧ್ವನಿತುಣುಕುಗಳ ಬರಹರೂಪದಲ್ಲಿ ಯಾರೂ ಆಡದ ಮಾತುಗಳು ಸೇರಿಕೊಂಡಿದ್ದವು. ಅವು ವೈದ್ಯರ ಟಿಪ್ಪಣಿಗಳಲ್ಲ, ನಿಜ. ಆದರೆ ಔಷಧದ ಪ್ರಮಾಣ ಹೇಳುವ ವಾಕ್ಯದಲ್ಲಿ ಇಂಥದ್ದು ನುಸುಳಿದರೆ ಹಿಡಿಯಬೇಕಾದವರು, ದಿನದ ಕೊನೆಯಲ್ಲಿ ದಣಿದು ಸಹಿ ಹಾಕುವ ವೈದ್ಯರೇ.

ಅಧ್ಯಾಪಕರು ತರಗತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ಪಠ್ಯದ ಒಂದು ಪುಟವನ್ನು ಇಬ್ಬರಿಂದ ಓದಿಸಿ ಮುದ್ರಿಸಿ: ಒಬ್ಬರು ನಿಧಾನವಾಗಿ, ಮತ್ತೊಬ್ಬರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು. ಧ್ವನಿ ಸಂಸ್ಕರಣೆಯ ತಂತ್ರಾಂಶದಿಂದ ಎರಡರಲ್ಲೂ 3400 ಹರ್ಟ್ಸ್‌ಗಿಂತ ಮೇಲಿನದನ್ನು ತೆಗೆದುಹಾಕಿ. ವಿದ್ಯಾರ್ಥಿಗಳು ಕೇಳಿ ಬರೆಯಲಿ. ಬರೆದ ಸಾಲುಗಳ ಜೊತೆಗೆ ಹಿಡಿದ ಸಮಯವನ್ನೂ, ಹಿಂದಕ್ಕೆ ಹೋಗಿ ಕೇಳಿದ ಸಲಗಳನ್ನೂ ಗುರುತು ಹಾಕಿಕೊಳ್ಳಲಿ.