ಗೌರವ ಸಂಕಿರಣದ ಅರ್ಥವ್ಯಾಪ್ತಿ: ಸೆವೆರೊ ಒಚೋವಾ ಮತ್ತು 1975ರ ಸ್ಪೇನ್

ಹಿರಿಯ ವಿಜ್ಞಾನಿಯೊಬ್ಬರನ್ನು ಗೌರವಿಸಲು ವಿದ್ವತ್ ಲೋಕವು ರೂಢಿಸಿಕೊಂಡಿರುವ ಕ್ರಮಗಳಲ್ಲಿ ವಿಚಾರ ಸಂಕಿರಣ ಮತ್ತು ಅದರ ಫಲವಾದ ಅಭಿನಂದನ ಗ್ರಂಥಗಳು ಮುಖ್ಯವಾದವು. ಇವುಗಳನ್ನು ಕೇವಲ ಔಪಚಾರಿಕ ಪ್ರಶಂಸೆಯೆಂದು ಬದಿಗಿರಿಸುವುದುಂಟು. ಆದರೆ ಒಂದು ಸಂಶೋಧನೆಯು ಪ್ರಕಟವಾದಾಗ ಪಡೆದ ಅರ್ಥಕ್ಕೂ ಕಾಲಾನಂತರ ಅದಕ್ಕೆ ದೊರೆತ ಅರ್ಥಕ್ಕೂ ಇರುವ ಅಂತರವನ್ನು ಗುರುತಿಸಲು ಇಂತಹ ಸಂದರ್ಭಗಳು ನೆರವಾಗುತ್ತವೆ. ಜೀವರಸಾಯನ ವಿಜ್ಞಾನಿ ಸೆವೆರೊ ಒಚೋವಾ ಅವರ ಎಪ್ಪತ್ತನೆಯ ಹುಟ್ಟುಹಬ್ಬದ ನಿಮಿತ್ತ 1975ರ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾ ಮತ್ತು ಮ್ಯಾಡ್ರಿಡ್ ನಗರಗಳಲ್ಲಿ ನಡೆದ ಅಂತಾರಾಷ್ಟ್ರೀಯ ಸಂಕಿರಣದ ಹಿನ್ನೆಲೆಯಲ್ಲಿ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಚೋವಾ ಜನಿಸಿದ್ದು 1905ರ ಸೆಪ್ಟೆಂಬರ್ 24ರಂದು, ಸ್ಪೇನಿನ ಆಸ್ಟೂರಿಯಸ್ ಪ್ರಾಂತದ ಲುವಾರ್ಕಾ ಎಂಬ ಕಡಲತೀರದ ಊರಿನಲ್ಲಿ. ಮ್ಯಾಡ್ರಿಡ್‌ನಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರಿಗೆ ಶರೀರಕ್ರಿಯಾ ವಿಜ್ಞಾನವನ್ನು ಬೋಧಿಸಿದವರು ಹ್ವಾನ್ ನೆಗ್ರಿನ್. ಮುಂದೆ ಸ್ಪೇನ್ ಗಣರಾಜ್ಯದ ಪ್ರಧಾನಿಯಾದವರು ಇವರೇ. 1936ರಲ್ಲಿ ಅಂತರ್ಯುದ್ಧ ಆರಂಭವಾದ ಬಳಿಕ ಒಚೋವಾ ದೇಶವನ್ನು ತೊರೆದರು. ಹೈಡೆಲ್‌ಬರ್ಗ್‌ನಲ್ಲಿ ಒಟ್ಟೊ ಮೈಯರ್‌ಹೋಫ್ ಅವರ ಪ್ರಯೋಗಾಲಯ, ಇಂಗ್ಲೆಂಡಿನ ಪ್ಲಿಮತ್ ಮತ್ತು ಆಕ್ಸ್‌ಫರ್ಡ್, ಅಮೆರಿಕದ ಸೇಂಟ್ ಲೂಯಿಯಲ್ಲಿ ಕೋರಿ ದಂಪತಿಗಳ ಪ್ರಯೋಗಾಲಯ, ಹೀಗೆ ಸಾಗಿದ ಅವರ ಅಲೆದಾಟವು 1942ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನೆಲೆ ಕಂಡಿತು. 1956ರಲ್ಲಿ ಅವರು ಅಮೆರಿಕದ ಪೌರತ್ವವನ್ನು ಪಡೆದರು. ಎಂದರೆ 1959ರಲ್ಲಿ ನೊಬೆಲ್ ಪ್ರಶಸ್ತಿ ಸಂದಾಗ ಅವರು ಕಾನೂನಿನ ದೃಷ್ಟಿಯಲ್ಲಿ ಸ್ಪೇನಿನ ಪ್ರಜೆಯಾಗಿರಲಿಲ್ಲ.

ಈ ಪ್ರಶಸ್ತಿಗೆ ಕಾರಣವಾದ ಸಂಶೋಧನೆಯ ಚರಿತ್ರೆ ವಿಶೇಷ ಗಮನಕ್ಕೆ ಅರ್ಹವಾಗಿದೆ. 1955ರಲ್ಲಿ ಮರಿಯಾನ್ ಗ್ರುನ್‌ಬರ್ಗ್-ಮನಾಗೊ ಮತ್ತು ಒಚೋವಾ ಅವರು ಅಜೋಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಒಂದು ಕಿಣ್ವವನ್ನು ಬೇರ್ಪಡಿಸಿದರು. ನ್ಯೂಕ್ಲಿಯೊಸೈಡ್ ಡೈಫಾಸ್ಫೇಟ್ ಅಣುಗಳನ್ನು ಒದಗಿಸಿದಾಗ ಈ ಕಿಣ್ವವು ಫಾಸ್ಫೇಟನ್ನು ಬಿಡುಗಡೆ ಮಾಡಿ, ಆರ್‌ಎನ್‌ಎಯನ್ನು ಹೋಲುವ ಉದ್ದನೆಯ ಸರಪಣಿಗಳನ್ನು ಪ್ರನಾಳದಲ್ಲಿ ನಿರ್ಮಿಸಿತು. ಪಾಲಿನ್ಯೂಕ್ಲಿಯೊಟೈಡ್ ಫಾಸ್ಫೊರಿಲೇಸ್ ಎಂದು ಹೆಸರಾದ ಇದು ಜೀವಕೋಶದಲ್ಲಿ ಆರ್‌ಎನ್‌ಎ ತಯಾರಿಸುವ ಕಿಣ್ವವಿರಬಹುದೆಂದು ಆಗ ಭಾವಿಸಲಾಯಿತು. ಆದರೆ ಇದಕ್ಕೆ ಮಾದರಿ ಎಳೆಯೊಂದರ ಅಗತ್ಯವೇ ಇರಲಿಲ್ಲ. ದೊರೆತ ಘಟಕಗಳನ್ನು ದೊರೆತ ಪ್ರಮಾಣದಲ್ಲಿ ಜೋಡಿಸುತ್ತಿತ್ತು. ಆನುವಂಶಿಕ ಮಾಹಿತಿಯನ್ನು ನಕಲು ಮಾಡುವ ಕಾರ್ಯ ಇದರಿಂದ ಸಾಧ್ಯವಿರಲಿಲ್ಲ. 1960ರ ಸುಮಾರಿಗೆ ಸ್ಯಾಮ್ಯುಯೆಲ್ ವೈಸ್, ಜೆರಾರ್ಡ್ ಹರ್ವಿಟ್ಸ್ ಮೊದಲಾದವರು ಡಿಎನ್‌ಎಯನ್ನು ಮಾದರಿಯಾಗಿ ಬಳಸುವ ಆರ್‌ಎನ್‌ಎ ಪಾಲಿಮರೇಸನ್ನು ಗುರುತಿಸಿದರು. ಒಚೋವಾ ಅವರ ಕಿಣ್ವದ ಕೆಲಸ ಜೀವಕೋಶದಲ್ಲಿ ಮುಖ್ಯವಾಗಿ ಆರ್‌ಎನ್‌ಎಯನ್ನು ವಿಘಟಿಸುವುದೆಂಬುದು ಕ್ರಮೇಣ ಸ್ಪಷ್ಟವಾಯಿತು.

ಹಾಗಾದರೆ ಪ್ರಶಸ್ತಿಗೆ ಭಾಜನವಾದ ಶೋಧವು ಬೆಲೆ ಕಳೆದುಕೊಂಡಿತೇ? ವಾಸ್ತವವಾಗಿ ನಡೆದದ್ದು ಇದಕ್ಕೆ ವಿರುದ್ಧ. ಮಾದರಿಯ ಹಂಗಿಲ್ಲವೆಂಬ ಕೊರತೆಯೇ ಈ ಕಿಣ್ವದ ಪ್ರಯೋಜನವಾಯಿತು. ಸಂಶೋಧಕರು ತಮಗೆ ಬೇಕಾದ ಸಂಯೋಜನೆಯ ಆರ್‌ಎನ್‌ಎಯನ್ನು ಇದರ ಮೂಲಕ ತಯಾರಿಸಬಹುದಾಗಿತ್ತು. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಅವರು ಯುರಿಡಿನ್ ಘಟಕಗಳಷ್ಟೇ ಇರುವ ಸರಪಣಿಯು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ ಸರಪಣಿಗೆ ಕಾರಣವಾಗುವುದನ್ನು ತೋರಿಸಿದರು. ಒಚೋವಾ, ಪೀಟರ್ ಲೆಂಗ್ಯೆಲ್ ಮತ್ತು ಜೋಸೆಫ್ ಸ್ಪೈಯರ್ ಅವರು ಮಿಶ್ರ ಸರಪಣಿಗಳನ್ನು ಬಳಸಿ ಇದೇ ದಾರಿಯಲ್ಲಿ ಮುನ್ನಡೆದರು. ಉದಾಹರಣೆಗೆ ಯು ಮತ್ತು ಎ ಘಟಕಗಳನ್ನು 5:1 ಪ್ರಮಾಣದಲ್ಲಿ ಬೆರೆಸಿದರೆ, ಪ್ರತಿ 216 ತ್ರಿಕಗಳಲ್ಲಿ ಸರಾಸರಿ 125 ಯುಯುಯು ಆಗಿರುತ್ತವೆ. ಎರಡು ಯು, ಒಂದು ಎ ಇರುವ ಮೂರು ಬಗೆಯ ತ್ರಿಕಗಳು ತಲಾ 25ರಷ್ಟಿರುತ್ತವೆ. ಪ್ರೋಟೀನಿನಲ್ಲಿ ಸೇರ್ಪಡೆಯಾದ ಅಮೈನೋ ಆಮ್ಲಗಳ ಪ್ರಮಾಣವನ್ನು ಈ ಲೆಕ್ಕದೊಡನೆ ಹೋಲಿಸಿ ಯಾವ ಆಮ್ಲಕ್ಕೆ ಯಾವ ಸಂಯೋಜನೆಯ ಸಂಕೇತವೆಂದು ಊಹಿಸಬಹುದಾಗಿತ್ತು. ಆದರೆ ಅಕ್ಷರಗಳ ಅನುಕ್ರಮ ಇದರಿಂದ ತಿಳಿಯುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ದೊರೆತದ್ದು ನಿರೆನ್‌ಬರ್ಗ್ ಅವರ ತ್ರಿಕ ಬಂಧನ ಪ್ರಯೋಗಗಳಿಂದ ಹಾಗೂ ಭಾರತ ಸಂಜಾತ ಹರಗೋಬಿಂದ್ ಖೊರಾನಾ ಅವರು ನಿಶ್ಚಿತ ಅನುಕ್ರಮದಲ್ಲಿ ಸಂಶ್ಲೇಷಿಸಿದ ಸರಪಣಿಗಳಿಂದ.

ಸಂಕಿರಣಕ್ಕೆ ಸಂಬಂಧಿಸಿದ ‘ರಿಫ್ಲೆಕ್ಷನ್ಸ್ ಆನ್ ಬಯೋಕೆಮಿಸ್ಟ್ರಿ’ ಎಂಬ ಗೌರವ ಗ್ರಂಥ 1976ರಲ್ಲಿ ಪ್ರಕಟವಾಯಿತು. ಅದರ ಸಂಪಾದಕರಲ್ಲಿ ಇಬ್ಬರ ಹೆಸರು ಅರ್ಥಪೂರ್ಣವಾದುದು. ಆರ್ಥರ್ ಕಾರ್ನ್‌ಬರ್ಗ್ ಅವರು 1946ರಲ್ಲಿ ಒಚೋವಾ ಅವರ ಪ್ರಯೋಗಾಲಯದಲ್ಲಿ ಕಿಣ್ವ ವಿಜ್ಞಾನವನ್ನು ಕಲಿತು, 1959ರ ನೊಬೆಲ್ ಪ್ರಶಸ್ತಿಯನ್ನು ಅವರೊಡನೆ ಹಂಚಿಕೊಂಡವರು. ಹ್ವಾನ್ ಒರೊ ಕೂಡ ಸ್ಪೇನಿನಿಂದ ಅಮೆರಿಕಕ್ಕೆ ತೆರಳಿ ಕೀರ್ತಿ ಪಡೆದವರು. ಹೀಗೆ ಶಿಷ್ಯಪರಂಪರೆ ಮತ್ತು ವಲಸೆ ಎಂಬ ಎರಡು ಎಳೆಗಳು ಈ ಗ್ರಂಥದಲ್ಲಿ ಒಂದುಗೂಡಿವೆ.

ಸಂಕಿರಣ ನಡೆದ ಕಾಲವೂ ಗಮನಾರ್ಹ. ಸುಮಾರು ಎರಡು ತಿಂಗಳ ಬಳಿಕ, 1975ರ ನವೆಂಬರ್ 20ರಂದು ಫ್ರಾಂಕೊ ನಿಧನರಾದರು. ಅಂತರ್ಯುದ್ಧದ ಕಾಲದಲ್ಲಿ ದೇಶ ತೊರೆದ ವಿಜ್ಞಾನಿಯನ್ನು ತಾಯ್ನೆಲವು ಸರ್ವಾಧಿಕಾರದ ಕೊನೆಯ ದಿನಗಳಲ್ಲಿ ಬಹಿರಂಗವಾಗಿ ಬರಮಾಡಿಕೊಂಡಿತ್ತು. ಅದೇ ವರ್ಷ ಮ್ಯಾಡ್ರಿಡ್‌ನಲ್ಲಿ ಅಣುಜೀವವಿಜ್ಞಾನ ಕೇಂದ್ರ ಸ್ಥಾಪನೆಯಾಯಿತು; ಅದು ಒಚೋವಾ ಅವರ ಹೆಸರನ್ನು ಹೊತ್ತಿದೆ. ಅವರ ಬಳಿ ಸಂಶೋಧನೆ ನಡೆಸಿ 1967ರಲ್ಲಿ ಸ್ವದೇಶಕ್ಕೆ ಮರಳಿದ್ದ ಮಾರ್ಗರೀಟಾ ಸಾಲಸ್ ಅವರಂತಹವರು ಸ್ಪೇನಿನ ಅಣುಜೀವವಿಜ್ಞಾನವನ್ನು ಬೆಳೆಸಿದರು. ಒಚೋವಾ ಸ್ವತಃ 1985ರಲ್ಲಿ ಸ್ಪೇನಿಗೆ ಹಿಂದಿರುಗಿ, 1993ರ ನವೆಂಬರ್ 1ರಂದು ಮ್ಯಾಡ್ರಿಡ್‌ನಲ್ಲಿ ನಿಧನರಾದರು.

ಒಟ್ಟಿನಲ್ಲಿ, ಗೌರವ ಸಂಕಿರಣದ ಮೌಲ್ಯವನ್ನು ಅದರಲ್ಲಿ ಕೇಳಿಬರುವ ಸ್ತುತಿಯ ಪ್ರಮಾಣದಿಂದ ಅಳೆಯಲಾಗದು. ಒಚೋವಾ ಅವರ ಶೋಧವನ್ನು ಮೊದಲ ವ್ಯಾಖ್ಯಾನದ ಚೌಕಟ್ಟಿನಲ್ಲಿಯೇ ಕೊಂಡಾಡಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ವ್ಯಾಖ್ಯಾನ ಬದಲಾಯಿತೆಂದು ಶೋಧವನ್ನೇ ಅವಗಣಿಸಿದರೆ ಆನುವಂಶಿಕ ಸಂಕೇತದ ಬಿಡುಗಡೆ ಹೇಗೆ ಸಾಧ್ಯವಾಯಿತೆಂಬುದು ಅರ್ಥವಾಗದು. ಪ್ರಬಂಧಗಳಲ್ಲಿ ಕಾಣದ ಈ ಮಧ್ಯಂತರ ಚರಿತ್ರೆಗೆ ಸಹೋದ್ಯೋಗಿಗಳ ನೆನಪುಗಳು ಆಕರವಾಗುತ್ತವೆ. ಆದ್ದರಿಂದ ಅಭಿನಂದನ ಗ್ರಂಥಗಳನ್ನು ಗ್ರಂಥಾಲಯಗಳು ಸಮಾರಂಭದ ಸ್ಮರಣಿಕೆಗಳೆಂದಲ್ಲ, ವಿಜ್ಞಾನ ಚರಿತ್ರೆಯ ಮೂಲ ಸಾಮಗ್ರಿಯೆಂದೇ ಸಂರಕ್ಷಿಸುವುದು ಉಚಿತ.