ಘಟ್ಟದ ಕರಡೂ ನಮ್ಮ ಶಾಸಕರೂ

ಕಾವೇರಿ, ತುಂಗಭದ್ರೆ, ಶರಾವತಿಯೇ ಮೊದಲಾದ ನದಿಗಳಿಗೆ ಜನ್ಮವಿತ್ತು ದೂರದ ಬಯಲುಸೀಮೆಗೂ ಅನ್ನೋದಕಗಳನ್ನು ಒದಗಿಸುತ್ತಿರುವ ಪಶ್ಚಿಮಘಟ್ಟಗಳ ಸಂರಕ್ಷಣೆಗಾಗಿ ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿಯೂ, ಕಸ್ತೂರಿರಂಗನ್ನರ ಸಮಿತಿಯು 2013ರಲ್ಲಿಯೂ ವರದಿಗಳನ್ನು ಒಪ್ಪಿಸಿದುವು. ತರುವಾಯ ಕೇಂದ್ರ ಸರ್ಕಾರವು 2014ರಿಂದ 2024ರೊಳಗೆ ಆರು ಬಾರಿ ಕರಡು ಅಧಿಸೂಚನೆಯನ್ನು ಹೊರಡಿಸಿತು. ಅದರಲ್ಲಿ ಸೂಕ್ಷ್ಮಪ್ರದೇಶವೆಂದು ಗುರುತಿಸಲ್ಪಟ್ಟ ಕರ್ನಾಟಕದ ನೆಲ 20,668 ಚದರ ಕಿಲೋಮೀಟರು. ನಮ್ಮ ರಾಜ್ಯ ಸರ್ಕಾರಗಳಾದರೋ, ಪಕ್ಷ ಯಾವುದೇ ಇರಲಿ, ಬೇಡವೆಂದೇ ಉತ್ತರಿಸುತ್ತ ಬಂದಿವೆ.

ಮನೆಯ ಹೆಂಚು ಬದಲಿಸುವುದಕ್ಕೂ ಅಪ್ಪಣೆ ಬೇಕಾದೀತೆಂಬ ಭೀತಿ ಮಲೆನಾಡಿನಲ್ಲಿ ಹಬ್ಬಿದೆಯಷ್ಟೆ. ಆದರೆ ಕರಡು ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆಗಳನ್ನು. ಹೊಸ ಉಷ್ಣವಿದ್ಯುತ್ ಸ್ಥಾವರಗಳನ್ನು. ಅತಿಮಾಲಿನ್ಯದ ‘ಕೆಂಪು ವರ್ಗ’ದ ಹೊಸ ಕಾರ್ಖಾನೆಗಳನ್ನು. 20,000 ಚದರ ಮೀಟರಿಗೆ ಮೇಲ್ಪಟ್ಟ ಹೊಸ ಕಟ್ಟಡಗಳನ್ನು. ಇರುವ ವಾಸದ ಮನೆಗಳ ದುರಸ್ತಿಗೂ ವಿಸ್ತರಣೆಗೂ ಅದರಿಂದ ತಡೆಯಿಲ್ಲವೆಂದು ಸ್ಪಷ್ಟವಾಗಿಯೇ ಬರೆದಿದೆ. (ಆ ಭೀತಿ ಹಬ್ಬಿಸುವ ಭಾಷಣಕಾರರು ಅಷ್ಟು ದೂರ ಓದಿದಂತೆ ತೋರದು.) ಜಮೀನಿನ ಹಕ್ಕುಪತ್ರಕ್ಕಾಗಿ ಕಾದಿರುವ ರೈತನ ಆತಂಕ ಮಾತ್ರ ನಿಜವಾದದ್ದು, ಅದಕ್ಕೆ ಸಮಾಧಾನ ಹೇಳುವುದು ಸರ್ಕಾರದ ಹೊಣೆ, ಅಧಿಸೂಚನೆಯನ್ನೇ ತಳ್ಳಿಹಾಕಲು ಅದೊಂದು ನೆಪವಾಗಲಾಗದು.

ಆರನೆಯ ಕರಡು ಹೊರಬಿದ್ದ 2024ರ ಜುಲೈ ಮಾಸದಲ್ಲಿಯೇ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನು ಮುಚ್ಚಿತು. ವಯನಾಡಿನಲ್ಲಿ ವಸತಿಗಳೇ ಮಣ್ಣಿನಡಿ ಸೇರಿದುವು. ಪರಿಹಾರಧನ ಹಂಚಲು ಧಾವಿಸುವ ಪ್ರತಿನಿಧಿಗಳು ವಿಧಾನಸಭೆಯಲ್ಲಿ ಈ ಕರಡಿನ ವಿಷಯ ಬಂದಾಗ ಏನೆಂದರೆಂಬುದು ನಡಾವಳಿಯಲ್ಲಿ ದಾಖಲಾಗಿರುತ್ತದೆ. ವಾಚಕರು ಅದನ್ನು ತರಿಸಿ ಓದಿ, ತಮ್ಮ ಶಾಸಕರಿಗೂ ಸಂಸದರಿಗೂ ಸ್ವಹಸ್ತದಿಂದ ಪತ್ರ ಬರೆದು, ಅಧಿಸೂಚನೆಯ ಪರವೋ ವಿರೋಧವೋ ಎಂಬುದಕ್ಕೆ ಲಿಖಿತ ಉತ್ತರವನ್ನೇ ಕೇಳಬೇಕು.