ಪಾದಚಾರಿಯೂ ರೈಲ್ವೆ ಗೇಟೂ

ರೈಲ್ವೆ ಗೇಟು ಹಾಕಿ ಬಹಳ ಹೊತ್ತಾದರೂ ಗಾಡಿಯ ಸುಳಿವೇ ಇಲ್ಲದಿರುವಾಗ, ಅಡ್ಡಗಂಬದ ಕೆಳಗೆ ನುಸುಳಿ ಹಳಿ ದಾಟುವವರನ್ನು ಅವಿವೇಕಿಗಳೆಂದು ನಿಂದಿಸುವುದು ಸುಲಭ. ಆದರೆ ಅವರನ್ನು ಅಷ್ಟು ಹೊತ್ತು ಕಾಯಿಸುವ ವ್ಯವಸ್ಥೆಯ ಸ್ವರೂಪವನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ. ಇಂಟರ್‌ಲಾಕಿಂಗ್ ಉಳ್ಳೆಡೆ, ಗೇಟು ಪೂರ್ತಿಯಾಗಿ ಮುಚ್ಚಿ ಬೀಗ ಬಿದ್ದ ಹೊರತು ಗಾಡಿಗೆ ಸಿಗ್ನಲ್ ದೊರೆಯದು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿಯು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುವುದು. ಉಕ್ಕಿನ ಹಳಿಗೂ ಉಕ್ಕಿನ ಚಕ್ರಕ್ಕೂ ನಡುವಣ ಘರ್ಷಣೆ ಅತ್ಯಲ್ಪವಾದ್ದರಿಂದ, ತುರ್ತು ಬ್ರೇಕು ಹಾಕಿದರೂ ಅದು ನಿಲ್ಲಲು ಕಿಲೋಮೀಟರಿನಷ್ಟು ದೂರ ಬೇಕಾಗಬಹುದು. ಆದಕಾರಣ ಗೇಟನ್ನು ಮುಂಚಿತವಾಗಿಯೇ ಹಾಕದೆ ಗತ್ಯಂತರವಿಲ್ಲ. ಆ ಮುಂಜಾಗ್ರತೆಯೇ ಪಾದಚಾರಿಯ ಸಹನೆಯನ್ನು ಸೋಲಿಸುವುದು.

ನುಸುಳಿದವನನ್ನು ಅವನ ಕಣ್ಣೇ ವಂಚಿಸುತ್ತದೆ. ಗಾತ್ರದಲ್ಲಿ ದೊಡ್ಡದಾದ ವಸ್ತು, ಅದೇ ವೇಗದ ಚಿಕ್ಕ ವಸ್ತುವಿಗಿಂತ ನಿಧಾನವಾಗಿ ಚಲಿಸುವಂತೆ ತೋರುವುದೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಹರ್ಷೆಲ್ ಲೀಬೊವಿಟ್ಸ್ 1985ರಲ್ಲಿ ಗೇಟಿನ ಅಪಘಾತಗಳಿಗೆ ಅನ್ವಯಿಸಿ ವಿವರಿಸಿದರು. ಇದಲ್ಲದೆ, ನೇರವಾಗಿ ನಮ್ಮೆಡೆಗೆ ಬರುವ ಗಾಡಿಯ ಬಿಂಬವು ದೂರದಲ್ಲಿರುವಷ್ಟು ಕಾಲ ಬೆಳೆದಂತೆಯೇ ಕಾಣದು. ಬೆಳೆದದ್ದು ಕಣ್ಣಿಗೆ ಬೀಳುವ ವೇಳೆಗೆ ಕಾಲ ಮಿಂಚಿರುತ್ತದೆ. ಜೋಡಿಹಳಿಯ ಗೇಟಿನ ಅಗಲ 16 ಮೀಟರ್ ಎಂದಿಟ್ಟುಕೊಳ್ಳೋಣ: ಸೆಕೆಂಡಿಗೆ 0.8 ಮೀಟರಿನಂತೆ ನಡೆಯುವ ವೃದ್ಧೆಯೊಬ್ಬಳು ಅದನ್ನು ದಾಟಲು 20 ಸೆಕೆಂಡು ಬೇಕು, ಅಷ್ಟರಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಅರ್ಧ ಕಿಲೋಮೀಟರಿಗೂ ಮಿಗಿಲಾಗಿ ಬಂದಿರುವುದು. ಮುಂಬಯಿಯ ವಡಾಲಾದಲ್ಲಿ 2010ರ ಸುಮಾರಿಗೆ ಹಳಿಯಡಿಯ ಅಡ್ಡಪಟ್ಟಿಗಳಾದ ಸ್ಲೀಪರುಗಳಿಗೆ ಅಲ್ಲಲ್ಲಿ ಹಳದಿ ಬಣ್ಣ ಬಳಿದು, ಒಂದೊಂದೇ ಪಟ್ಟಿಯನ್ನು ನುಂಗುತ್ತ ಬರುವ ಗಾಡಿಯ ನಿಜವಾದ ವೇಗ ನೋಡುವವನಿಗೆ ಗೋಚರಿಸುವಂತೆ ಮಾಡಿದ ಪ್ರಯೋಗವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಅದು ಮನುಷ್ಯನನ್ನು ಬೈಯದೆ ಅವನ ಕಣ್ಣಿಗೆ ನೆರವಾಯಿತು.

ಗೇಟನ್ನೇ ತೆಗೆದು ಸೇತುವೆ ಕಟ್ಟಿದರಾಗದೆ? ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ವೇಳೆಗೆ ನಿವಾರಿಸಿದ್ದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ವಿದ್ಯುತ್ ತಂತಿಯ ಮೇಲೆ ಹಾಯುವ ಕಾಲುಸೇತುವೆ ಸುಮಾರು 6.5 ಮೀಟರ್ ಎತ್ತರಕ್ಕೆ ಏರಬೇಕು. 15 ಸೆಂಟಿಮೀಟರಿನ ಮೆಟ್ಟಿಲಾದರೆ ನಲವತ್ತಮೂರು. ಗಾಲಿಕುರ್ಚಿ ಏರಬಲ್ಲ, ಹನ್ನೆರಡಕ್ಕೆ ಒಂದರ ಇಳಿಜಾರಾದರೆ ಒಂದೊಂದು ಬದಿಗೂ 78 ಮೀಟರ್. ಮಂಡಿನೋವಿನ ಮುದುಕರೂ ತಲೆಹೊರೆ ಹೊತ್ತವರೂ ಅದನ್ನು ಬಿಟ್ಟು ಹಳೆಯ ಜಾಗದಲ್ಲಿಯೇ, ಈಗ ಗೇಟ್‌ಮನ್ ಸಹ ಇಲ್ಲದೆಡೆ, ಹಳಿಗಿಳಿದರೆ ಅಪಾಯ ಹೆಚ್ಚಿತೇ ವಿನಾ ತಗ್ಗಲಿಲ್ಲ. ಹಳಿಯ ಮೇಲೆ ಅತಿಕ್ರಮವಾಗಿ ನಡೆದು ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಿದ್ದಾರೆಂದು ರೈಲ್ವೆ ಸುರಕ್ಷತೆಯನ್ನು ಪರಿಶೀಲಿಸಿದ ಕಾಕೋಡ್ಕರ್ ಸಮಿತಿ 2012ರಲ್ಲಿ ಹೇಳಿತ್ತು.

ಗೇಟು ಉಳಿಯುವಲ್ಲಿಯೂ ಸಣ್ಣ ಸಂಗತಿಗಳು ದೊಡ್ಡವಾಗುತ್ತವೆ. ಚಕ್ರದ ಅಂಚು ಹಾಯಲೆಂದು ಹಳಿಯ ಒಳಬದಿಗೆ ಬಿಟ್ಟ, 5 ಸೆಂಟಿಮೀಟರಿಗೂ ಮಿಗಿಲಾದ ಸಂದಿನಲ್ಲಿ ಗಾಲಿಕುರ್ಚಿಯ ಮುಂಗಾಲಿ ಅಡ್ಡ ತಿರುಗಿ ಸಿಕ್ಕಿಕೊಳ್ಳಬಹುದು. ಹಳಿಗೆ ಲಂಬವಾಗಿ ಹಾಯುವ ಸಮತಟ್ಟಾದ ಕಾಲುದಾರಿ ಇದ್ದರೆ ಆ ಭಯ ಬಹಳಷ್ಟು ಕಡಿಮೆ.

ಒಂದು ಗಾಡಿ ಹೋದ ಮೇಲೂ ಗೇಟು ತೆರೆಯದಿದ್ದರೆ ಇನ್ನೊಂದು ಹಳಿಯಲ್ಲಿ ಮತ್ತೊಂದು ಬರುತ್ತಿರಬಹುದೆಂದು ತಿಳಿದು ದಯವಿಟ್ಟು ನಿಲ್ಲಿ. ನಿಮ್ಮ ಊರಿನ ಗೇಟನ್ನು ಮುಚ್ಚುವ ಯೋಜನೆ ಬಂದಾಗ, ವಾಹನಗಳ ಸೇತುವೆಯ ನಕ್ಷೆಯನ್ನಷ್ಟೇ ನೋಡಿ ತೃಪ್ತರಾಗದೆ, ನಡೆದುಹೋಗುವವರ ದಾರಿ ಎಲ್ಲಿ, ಅದರ ಏರು ಎಷ್ಟು ಎಂದು ಕೆಲಸ ಆರಂಭವಾಗುವ ಮೊದಲೇ ಕೇಳಿ.